ಬಂಡೆಗಳ ಸಾಕ್ಷಿ: ನಂದಿದುರ್ಗದ ಹಾದಿಯಲ್ಲಿ ಕಲಿಯಬೇಕಾದ ಪಾಠ

ಭೂಮಿಯಲ್ಲಿ ಸಂಚರಿಸಬೇಕು, ಹಿಂದಿನ ಜನಾಂಗಗಳ ಪರಿಣಾಮವನ್ನು ಕಣ್ಣಾರೆ ಕಂಡು ಪಾಠ ಕಲಿಯಬೇಕು ಎಂದು ಪವಿತ್ರ ಕುರ್‌ಆನ್ ಹಲವು ಅಧ್ಯಾಯಗಳಲ್ಲಿ ಮಾನವರನ್ನು ಕರೆಯುತ್ತದೆ. ಈ ಕರೆಯನ್ನು ಕೇಳಿದಾಗ ನಮ್ಮ ಮನಸ್ಸು ಈಜಿಪ್ಟಿನ ಕಡೆಗೋ ಅರೇಬಿಯಾದ ಮರಳುಗಾಡಿನ ಕಡೆಗೋ ಹರಿಯುತ್ತದೆ. ಫಿರ್‌ಔನನ ನಾಡು, ಆದ್ ಮತ್ತು ಸಮೂದ್ ಜನಾಂಗಗಳ ನೆಲ, ಇವೆಲ್ಲ ನಮ್ಮ ಮಕ್ಕಳಿಗೆ ಮದ್ರಸದ ಪಾಠಗಳಿಂದ ಪರಿಚಿತವಾಗಿವೆ. ಆದರೆ ಮನೆಯಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಏರಿ ಇಳಿಯಬಹುದಾದ ಬೆಟ್ಟವೂ ಆ ಕರೆಯ ವ್ಯಾಪ್ತಿಯಲ್ಲೇ ಇದೆ ಎಂಬುದನ್ನು ನಾವು ಮರೆಯುತ್ತೇವೆ.

ಹೊಸಕೋಟೆ ತಾಲೂಕಿನ ಅನುಗೊಂಡನಹಳ್ಳಿ ಬಯಲುಸೀಮೆಯ ಊರು. ರಾಗಿಯ ಹೊಲ, ತರಕಾರಿ ತೋಟ, ಕೆರೆ, ಅಲ್ಲಲ್ಲಿ ನೀಲಗಿರಿ ತೋಪು. ದೊಡ್ಡ ಬೆಟ್ಟವೆಂಬುದು ಇಲ್ಲಿಲ್ಲ. ಹಾಗಿದ್ದರೂ ಉತ್ತರ ದಿಕ್ಕಿನ ನಂದಿ ಬೆಟ್ಟಕ್ಕೂ ನಮಗೂ ಹಳೆಯದೊಂದು ನಂಟಿದೆ. ಆ ನಂಟಿನ ಹೆಸರು ದಕ್ಷಿಣ ಪಿನಾಕಿನಿ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಈ ನದಿ ಹೊಸಕೋಟೆಯ ದೊಡ್ಡ ಕೆರೆಯನ್ನು ತುಂಬಿ, ನಮ್ಮ ಹೋಬಳಿಯ ಪಶ್ಚಿಮದ ಬಯಲಿನ ಮಗ್ಗುಲಲ್ಲಿ ತೆಂಕಣಕ್ಕೆ ಸಾಗಿ, ತಮಿಳುನಾಡನ್ನು ಸೇರುತ್ತದೆ. ನಮ್ಮ ಹಿರಿಯರು ವುಝೂ ಮಾಡಿದ ನೀರು ಆ ಬಂಡೆಗಳ ಸಂದಿಯಿಂದ ಹೊರಟು ಬಂದ ನೀರು. ಆದುದರಿಂದ ರಜೆಯ ಒಂದು ದಿನ ಫಜ್ರ್ ನಮಾಝಿನ ಬಳಿಕ ನಾವು ಕೆಲವು ಕುಟುಂಬಗಳು ಮಕ್ಕಳೊಡನೆ ಆ ನೀರಿನ ಮೂಲದ ಕಡೆಗೆ ಹೊರಟೆವು.

ದಾರಿಯೇ ಒಂದು ಪುಸ್ತಕ

ಅನುಗೊಂಡನಹಳ್ಳಿಯಿಂದ ಹೊಸಕೋಟೆ, ಅಲ್ಲಿಂದ ದೇವನಹಳ್ಳಿ, ಮುಂದೆ ನಂದಿ. ಈ ಹಾದಿಯ ಪ್ರತಿಯೊಂದು ಊರೂ ಹದಿನೆಂಟನೆಯ ಶತಮಾನದ ಇತಿಹಾಸದಲ್ಲಿ ಹೆಸರು ಪಡೆದಿದೆ. 1768ರ ಆಗಸ್ಟ್ 22ರ ರಾತ್ರಿ ಹೈದರ್ ಅಲಿಯ ಪಡೆಯು ಹೊಸಕೋಟೆಯ ಬಳಿ ಬ್ರಿಟಿಷರ ಜೊತೆಗೂಡಿದ್ದ ಮರಾಠಾ ಸರದಾರ ಮುರಾರಿ ರಾಯನ ಬಿಡಾರದ ಮೇಲೆ ದಾಳಿ ನಡೆಸಿತು. ದಾಳಿ ಸಫಲವಾಗಲಿಲ್ಲ, ಹೈದರನ ಪಡೆ ಹಿಮ್ಮೆಟ್ಟಬೇಕಾಯಿತು. ನಾವು ದಿನವೂ ತರಕಾರಿ ಕೊಂಡೊಯ್ಯುವ ಊರಿನ ಅಂಚಿನಲ್ಲಿ ಇಂತಹ ಒಂದು ರಾತ್ರಿ ಕಳೆದುಹೋಗಿದೆ.

ದೇವನಹಳ್ಳಿಯ ಕೋಟೆಗೆ 1749ರಲ್ಲಿ ಮೈಸೂರಿನ ಸೇನೆ ಮುತ್ತಿಗೆ ಹಾಕಿದಾಗ ಅದರಲ್ಲಿದ್ದ ಹೈದರ್ ಎಂಬ ಯೋಧ ಮೊದಲ ಬಾರಿಗೆ ಮೇಲಿನವರ ಕಣ್ಣಿಗೆ ಬಿದ್ದನು. ಮರುವರ್ಷ, 1750ರಲ್ಲಿ, ಅದೇ ಊರಿನಲ್ಲಿ ಅವನ ಮಗ ಟಿಪ್ಪು ಜನಿಸಿದನು. ಇಲ್ಲಿಂದ ಉತ್ತರಕ್ಕೆ ನೋಡಿದರೆ ನಂದಿಯ ಬೋಳು ನೆತ್ತಿ ಕಾಣುತ್ತದೆ. ತೊಟ್ಟಿಲಿನ ಊರಿನಿಂದ ಕಾಣುವ ಆ ಬೆಟ್ಟದ ಮೇಲೆಯೇ ಹೈದರ್ ಮತ್ತು ಟಿಪ್ಪು ಕೋಟೆಯನ್ನು ಬಲಪಡಿಸಿದರು. ಅದನ್ನು ಯಾರೂ ಏರಿ ಗೆಲ್ಲಲಾರರೆಂದು ಆ ಕಾಲದ ಜನ ನಂಬಿದ್ದರು.

ಬಂಡೆಗಳ ನಡುವೆ

ಇಂದು ಹೆಚ್ಚಿನವರು ವಾಹನದಲ್ಲಿ ಬೆಟ್ಟದ ನೆತ್ತಿಗೆ ತಲುಪುತ್ತಾರೆ. ಹಳೆಯ ಕಾಲುದಾರಿಯು ತಪ್ಪಲಿನ ಸುಲ್ತಾನ್‌ಪೇಟೆಯಿಂದ ಮೇಲೇರುತ್ತದೆ. ಸಾವಿರಕ್ಕೂ ಮಿಕ್ಕಿದ ಕಲ್ಲಿನ ಮೆಟ್ಟಿಲುಗಳು, ಎರಡೂ ಕಡೆ ಕುರುಚಲು ಕಾಡು, ಅದರ ನಡುವೆ ಮನೆಗಳಷ್ಟು ದೊಡ್ಡ ಬಂಡೆಗಳು. ಕೆಲವು ಒಂದರ ಮೇಲೊಂದು ಕುಳಿತಿವೆ. ಕೆಲವು ಈಗಷ್ಟೇ ಉರುಳಲು ಸಿದ್ಧವಾದಂತೆ ಅಂಚಿನಲ್ಲಿ ನಿಂತಿವೆ. ಮಕ್ಕಳು ಮೊದಲ ಇನ್ನೂರು ಮೆಟ್ಟಿಲುಗಳನ್ನು ಓಡಿ ಏರಿದರು. ಬಳಿಕ ನಮ್ಮ ಹೆಜ್ಜೆಗೆ ಹೆಜ್ಜೆ ಕೂಡಿಸಿದರು.

ಈ ಬಂಡೆಗಳನ್ನು ಯಾರೂ ಹೊತ್ತು ತಂದಿಟ್ಟಿಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ತಣಿದು ಗಟ್ಟಿಯಾಗಿ ಗ್ರಾನೈಟ್ ಶಿಲೆಯಾಯಿತು. ಮೇಲಿನ ಪದರಗಳು ಸವೆದುಹೋದಂತೆ ಅದು ಹೊರಗೆ ಕಾಣಿಸಿಕೊಂಡು ಬಿರುಕು ಬಿಟ್ಟಿತು. ಬಿರುಕುಗಳಿಗೆ ಮಳೆಯ ನೀರು ಇಳಿಯಿತು. ಬಿಸಿಲು ಮತ್ತು ತಂಪಿನ ಸರದಿಯಲ್ಲಿ ಅಂಚುಗಳು ಈರುಳ್ಳಿಯ ಸಿಪ್ಪೆಯಂತೆ ಕಳಚುತ್ತ ಹೋಗಿ ಚೌಕನೆಯ ಕಲ್ಲು ದುಂಡಗಾಯಿತು. ಲೋಹದ ಉಳಿಗೂ ಸುಲಭವಾಗಿ ಬಗ್ಗದ ಶಿಲೆಯನ್ನು ಮೃದುವಾದ ನೀರು ಹೀಗೆ ತಿದ್ದಿದೆ. ಮನುಷ್ಯರ ಹೃದಯಗಳು ಕಲ್ಲಿಗಿಂತಲೂ ಕಠಿಣವಾಗಬಲ್ಲವು, ಏಕೆಂದರೆ ಕೆಲವು ಕಲ್ಲುಗಳನ್ನು ಸೀಳಿಕೊಂಡು ನೀರು ಹೊರಡುತ್ತದೆ, ಕೆಲವು ಅಲ್ಲಾಹನ ಭಯದಿಂದ ಉರುಳಿ ಬೀಳುತ್ತವೆ ಎಂಬ ಅಲ್‌ಬಕರ ಅಧ್ಯಾಯದ ಮಾತಿನ ಅರ್ಥ ಈ ದಾರಿಯಲ್ಲಿ ಕಣ್ಣಿಗೆ ಕಟ್ಟುತ್ತದೆ.

ಇಂತಹ ಸ್ಥಳಗಳಿಗೆ ಹೋಗುವಾಗ ಇರಬೇಕಾದ ಮನಸ್ಥಿತಿಯನ್ನು ಪ್ರವಾದಿ ಮುಹಮ್ಮದ್(ಸ) ನಮಗೆ ಕಲಿಸಿದ್ದಾರೆ. ಹಿಜರಿ 9ರಲ್ಲಿ ತಬೂಕ್‌ಗೆ ಹೋಗುವ ದಾರಿಯಲ್ಲಿ ಅವರು ಸಮೂದ್ ಜನಾಂಗದ ಹಿಜ್ರ್ ಪ್ರದೇಶದ ಮೂಲಕ ಹಾದುಹೋದರು. ಬೆಟ್ಟಗಳನ್ನು ಕೊರೆದು ಮನೆಗಳನ್ನು ಮಾಡಿಕೊಂಡು, ಕಲ್ಲಿನ ಬಲದ ಮೇಲೆ ಭರವಸೆಯಿಟ್ಟು ನಾಶವಾದ ಜನ ಅವರು. ಆ ನೆಲವನ್ನು ಅಳುವ ಹೃದಯದಿಂದಲ್ಲದೆ ಪ್ರವೇಶಿಸಬಾರದೆಂದು ಪ್ರವಾದಿವರ್ಯರು(ಸ) ಸಂಗಾತಿಗಳಿಗೆ ತಿಳಿಸಿ, ತಮ್ಮ ತಲೆಯನ್ನು ಮುಚ್ಚಿಕೊಂಡು, ವೇಗವಾಗಿ ಆ ಕಣಿವೆಯನ್ನು ದಾಟಿದರು. ನಂದಿ ಅಂತಹ ಶಾಪಗ್ರಸ್ತ ನೆಲವಲ್ಲ ನಿಜ. ಆದರೆ ಪಾಳುಬಿದ್ದ ಕೋಟೆಯ ಮುಂದೆ ನಿಂತಾಗ ಎದೆ ಉಬ್ಬಿಸುವುದಕ್ಕಿಂತ ತಲೆ ತಗ್ಗಿಸುವುದು ಉತ್ತಮವೆಂಬ ಶಿಷ್ಟಾಚಾರವನ್ನು ಈ ಘಟನೆಯಿಂದ ನಾವು ಕಲಿಯಬಹುದು.

1791ರ ಅಕ್ಟೋಬರ್

ಮೂರನೆಯ ಮೈಸೂರು ಯುದ್ಧದ ಕಾಲ. 1791ರ ಮಾರ್ಚ್ 21ರ ರಾತ್ರಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರಿನ ಕೋಟೆಯನ್ನು ವಶಪಡಿಸಿಕೊಂಡಿತು. ಅಲ್ಲಿನ ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಪ್ರಾಣ ಬಿಟ್ಟನು. ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದವರೆಗೆ ನಡೆದು ಹೋದರೂ ಮಳೆ, ಹಸಿವು ಮತ್ತು ಸಾಗಣೆಯ ಎತ್ತುಗಳ ಸಾವು ಅವನನ್ನು ಹಿಂದಿರುಗಿಸಿದವು. ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಅವನು ಬೆಂಗಳೂರಿಗೆ ಮರಳಬೇಕಾಯಿತು. ಮತ್ತೊಮ್ಮೆ ದಂಡೆತ್ತಿ ಹೋಗಬೇಕಾದರೆ ಬೆಂಗಳೂರಿಗೂ ನಿಝಾಮನ ಸೇನೆಗೂ ನಡುವಿನ ಉತ್ತರದ ದಾರಿ ತೆರೆಯಬೇಕಿತ್ತು. ಆ ದಾರಿಯನ್ನು ಕಾಯುತ್ತಿದ್ದದ್ದು ನಂದಿದುರ್ಗ.

ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟಕ್ಕೆ ಹೆಚ್ಚಿನ ದಿಕ್ಕುಗಳಲ್ಲಿ ನಿಸರ್ಗವೇ ಗೋಡೆ ಕಟ್ಟಿದೆ. ಪಶ್ಚಿಮದ ಒಂದು ಇಳಿಜಾರು ಮಾತ್ರ ಏರಲು ಸಾಧ್ಯವಾದದ್ದು. ಅಲ್ಲಿ ಎರಡು ಸುತ್ತಿನ ಬಲವಾದ ಕಲ್ಲಿನ ಗೋಡೆಗಳಿದ್ದವು. ಕೋಟೆಯ ರಕ್ಷಣೆಯ ಹೊಣೆ ಲುತ್ಫ್ ಅಲಿ ಬೇಗ್ ಎಂಬ ಸಮರ್ಥ ಅಧಿಕಾರಿಯದು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಮೇಜರ್ ಗೌಡಿಯ ಪಡೆ ಮುತ್ತಿಗೆ ಆರಂಭಿಸಿತು. ಇದೇ ಬಂಡೆಗಳ ನಡುವೆ, ಇಂದು ನಾವು ಬರಿಗೈಯಲ್ಲಿ ನಡೆದರೂ ಏದುಸಿರು ಬಿಡುವಂತಹ ಇಳಿಜಾರಿನಲ್ಲಿ, ಫಿರಂಗಿಗಳನ್ನು ಎಳೆದೊಯ್ಯಲು ಹೊಸ ದಾರಿಯನ್ನೇ ಕಡಿಯಬೇಕಾಯಿತು. ಸುಮಾರು ಮೂರು ವಾರಗಳ ಶ್ರಮದ ಬಳಿಕ ಹೊರಗೋಡೆಯಲ್ಲಿ ಬಿರುಕುಗಳು ತೆರೆದವು.

ಅಕ್ಟೋಬರ್ 18 ಮತ್ತು 19ರ ನಡುವಿನ ರಾತ್ರಿ, ಬೆಳದಿಂಗಳಲ್ಲಿ, ಜನರಲ್ ಮೆಡೋಸ್‌ನ ಮುಂದಾಳುತನದಲ್ಲಿ ದಾಳಿ ನಡೆಯಿತು. ಮೇಲಿದ್ದವರು ಬಂದೂಕುಗಳ ಜೊತೆಗೆ ಬೆಟ್ಟದ ಬಂಡೆಗಳನ್ನೇ ಆಯುಧವಾಗಿ ಮಾಡಿಕೊಂಡರು. ಇಳಿಜಾರಿನಲ್ಲಿ ಭಾರಿ ಕಲ್ಲುಗಳನ್ನು ಉರುಳಿಸಿದರು. ಆ ರಾತ್ರಿ ಏರಿ ಬಂದವರಲ್ಲಿ ಸತ್ತವರು ಮತ್ತು ಗಾಯಗೊಂಡವರು ಸುಮಾರು 30 ಮಂದಿ. ಅವರಲ್ಲಿ ಹೆಚ್ಚಿನವರು ಗುಂಡಿಗಿಂತ ಉರುಳಿದ ಬಂಡೆಗಳಿಗೆ ಸಿಕ್ಕಿದವರು. ಅಷ್ಟಾದರೂ ದಾಳಿ ನಿಲ್ಲಲಿಲ್ಲ. ಹೊರಗೋಡೆ ದಾಟಿದ ಸೈನಿಕರು ಓಡಿಹೋಗುವವರ ಬೆನ್ನಿಗೇ ಒಳಬಾಗಿಲನ್ನು ತಲುಪಿದರು. ಬೆಳಗಾಗುವ ಮೊದಲು ನಂದಿದುರ್ಗ ಬಿದ್ದುಹೋಗಿತ್ತು. ಎರಡು ತಿಂಗಳ ಬಳಿಕ, ಡಿಸೆಂಬರ್ 21ರಂದು, ಮಾಗಡಿಯ ಸಾವನದುರ್ಗವೂ ಬಿದ್ದಿತು. 1792ರ ಮಾರ್ಚ್‌ನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಕಳೆದುಕೊಂಡು, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿ, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು.

ಯಾರ ಯುದ್ಧ?

ಕೋಟೆಯ ಗೋಡೆಯ ನೆರಳಿನಲ್ಲಿ ಕುಳಿತಾಗ ಮಕ್ಕಳಿಗೆ ಈ ಕಥೆಯನ್ನು ಹೇಳಿದೆವು. ಇಲ್ಲಿ ಒಂದು ಎಚ್ಚರ ಅಗತ್ಯ. ಇದನ್ನು ಒಂದು ಧರ್ಮದವರು ಇನ್ನೊಂದು ಧರ್ಮದವರೊಡನೆ ಮಾಡಿದ ಯುದ್ಧವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಟಿಪ್ಪುವಿನ ವಿರುದ್ಧ ಬ್ರಿಟಿಷರ ಜೊತೆ ನಿಂತವರಲ್ಲಿ ಹೈದರಾಬಾದಿನ ನಿಝಾಮನೂ ಇದ್ದನು, ಮರಾಠರೂ ಇದ್ದರು. ಬೆಟ್ಟವನ್ನು ಏರಿದ ಕಂಪೆನಿಯ ಸಿಪಾಯಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದರು. ಮೈಸೂರಿನ ಸೇನೆ ಮತ್ತು ಆಡಳಿತದಲ್ಲಿಯೂ ಹಾಗೆಯೇ. ಒಬ್ಬೊಬ್ಬ ಅರಸನೂ ತನ್ನ ಇಂದಿನ ಲಾಭವನ್ನು ಮಾತ್ರ ನೋಡಿದನು. 1798ರಲ್ಲಿ ನಿಝಾಮನು ಕಂಪೆನಿಯ ಸಹಾಯಕ ಸೈನ್ಯ ಪದ್ಧತಿಗೆ ತಲೆಬಾಗಿದನು, 1799ರ ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದನು, 1818ರ ಹೊತ್ತಿಗೆ ಪೇಶ್ವೆಯ ಆಳ್ವಿಕೆಯೂ ಕೊನೆಗೊಂಡಿತು. ಪರಸ್ಪರ ಜಗಳವಾಡಿದರೆ ಧೈರ್ಯಗುಂದಿ ಬಲ ಉಡುಗಿಹೋಗುತ್ತದೆಂದು ಅಲ್‌ಅನ್ಫಾಲ್ ಅಧ್ಯಾಯ ಎಚ್ಚರಿಸಿರುವುದು ಸತ್ಯವಿಶ್ವಾಸಿಗಳನ್ನು ಉದ್ದೇಶಿಸಿ. ಆದರೆ ಅದರ ಸತ್ಯ ಎಲ್ಲ ಜನಾಂಗಗಳಿಗೂ ಅನ್ವಯಿಸುತ್ತದೆ.

ಗೋಡೆಯ ಒಂದೊಂದು ಕಲ್ಲನ್ನೂ ಮುಟ್ಟಿ ನೋಡುವಾಗ ಇನ್ನೊಂದು ಯೋಚನೆ ಬಂತು. ಕಿಲ್ಲೇದಾರನ ಹೆಸರು ಉಳಿದಿದೆ, ಜನರಲ್ಲನ ಹೆಸರು ಉಳಿದಿದೆ. ಈ ಕಲ್ಲುಗಳನ್ನು ಬೆನ್ನ ಮೇಲೆ ಹೊತ್ತವರ, ಫಿರಂಗಿಯ ದಾರಿ ಕಡಿದವರ ಹೆಸರು ಎಲ್ಲಿಯೂ ಇಲ್ಲ. ಇತಿಹಾಸ ಮರೆತವರನ್ನು ಅಲ್ಲಾಹನು ಮರೆಯುವುದಿಲ್ಲ. ಇಲ್ಲಿ ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಎರಡು ಬಂಡೆಗಳ ನಡುವಿನ ಕಿರಿದಾದ ಸಂದಿಯನ್ನು ತೋರಿಸಿ, ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಅಬ್ದುಲ್ಲಾ ಬಿನ್ ಉಮರ್(ರ) ವರದಿ ಮಾಡಿರುವ ಮೂವರು ಪ್ರಯಾಣಿಕರ ಘಟನೆಯನ್ನು ಮಕ್ಕಳಿಗೆ ನೆನಪಿಸಿದರು.

ಹಿಂದಿನ ಕಾಲದ ಆ ಮೂವರು ಗುಹೆಯೊಂದರಲ್ಲಿ ಆಶ್ರಯ ಪಡೆದಾಗ ಭಾರಿ ಬಂಡೆಯೊಂದು ಉರುಳಿ ಬಾಗಿಲು ಮುಚ್ಚಿತು. ಕೈಯಿಂದ ತಳ್ಳಿ ಸರಿಸುವಂತಿರಲಿಲ್ಲ. ಪ್ರತಿಯೊಬ್ಬನೂ ಅಲ್ಲಾಹನಿಗಾಗಿ ಮಾತ್ರ ಮಾಡಿದ ಒಂದು ಕರ್ಮವನ್ನು ಮುಂದಿಟ್ಟು ಪ್ರಾರ್ಥಿಸಿದನು. ಒಬ್ಬನು ವೃದ್ಧ ತಂದೆತಾಯಿ ನಿದ್ರೆಯಿಂದ ಏಳುವ ತನಕ ಹಾಲಿನ ಪಾತ್ರೆ ಹಿಡಿದು ಬೆಳಗಿನವರೆಗೂ ಕಾದವನು. ಇನ್ನೊಬ್ಬನು ಪಾಪದ ಅಂಚಿನವರೆಗೆ ಬಂದು ಅಲ್ಲಾಹನ ಭಯದಿಂದ ಹಿಂದೆ ಸರಿದವನು. ಮೂರನೆಯವನು ಕೂಲಿ ಪಡೆಯದೆ ಹೋದ ಕೆಲಸಗಾರನ ಹಣವನ್ನು ಬೆಳೆಸಿ, ಅವನು ವರ್ಷಗಳ ಬಳಿಕ ಮರಳಿದಾಗ ಅದರಿಂದ ಉಂಟಾದ ಹಿಂಡುಗಳನ್ನೆಲ್ಲ ಅವನಿಗೇ ಒಪ್ಪಿಸಿದವನು. ಪ್ರತಿ ಪ್ರಾರ್ಥನೆಗೂ ಬಂಡೆ ಸ್ವಲ್ಪ ಸ್ವಲ್ಪ ಸರಿಯಿತು. ಕೊನೆಗೆ ಮೂವರೂ ನಡೆದು ಹೊರಬಂದರು.

ಗಮನಿಸಿರಿ: ಅವರಲ್ಲಿ ಯಾರೂ ತನ್ನ ವಂಶವನ್ನಾಗಲಿ, ತನ್ನ ಕೋಟೆಯನ್ನಾಗಲಿ, ತನ್ನ ಹಿರಿಯರ ಪರಾಕ್ರಮವನ್ನಾಗಲಿ ಮುಂದಿಡಲಿಲ್ಲ. ಬಂಡೆಯನ್ನು ಸರಿಸಿದ್ದು ತಂದೆತಾಯಿಗೆ ಮಾಡಿದ ಸೇವೆ, ಮನಸ್ಸಿನ ಶುದ್ಧಿ ಮತ್ತು ಕೂಲಿಕಾರನ ಹಕ್ಕು.

ಹುಡುಗನೊಬ್ಬನ ಪ್ರಶ್ನೆ

ಬೆಟ್ಟದ ನೆತ್ತಿಯಲ್ಲಿ ಟಿಪ್ಪು ಡ್ರಾಪ್ ಎಂದು ಕರೆಯಲಾಗುವ ಪ್ರಪಾತವಿದೆ. ಮರಣದಂಡನೆಗೆ ಗುರಿಯಾದ ಕೈದಿಗಳನ್ನು ಟಿಪ್ಪು ಇಲ್ಲಿಂದ ಕೆಳಗೆ ತಳ್ಳಿಸುತ್ತಿದ್ದನೆಂದು ಬಂದವರಿಗೆಲ್ಲ ಹೇಳಲಾಗುತ್ತದೆ. ನಮ್ಮ ಪಕ್ಕದಲ್ಲಿ ನಿಂತಿದ್ದ ಗುಂಪಿನವರು ಅದನ್ನೇ ಮಾತನಾಡುತ್ತಿದ್ದರು. ಕೇಳಿಸಿಕೊಂಡ ಹುಡುಗನೊಬ್ಬನ ಮುಖ ಬಾಡಿತು. ಶಾಲೆಯಲ್ಲಿ ಸಹಪಾಠಿಗಳು ತನ್ನನ್ನು ಟಿಪ್ಪುವಿನ ಕಡೆಯವನೆಂದು ಛೇಡಿಸುತ್ತಾರೆಂದು ಅವನು ಹೇಳಿದನು. ಬಳಿಕ ನಮ್ಮನ್ನು ಕೇಳಿದನು: ಇದು ನಿಜವೇ? ನಾವು ಏನೆಂದು ಉತ್ತರಿಸಬೇಕು?

ಈ ಪ್ರಶ್ನೆ ಇಂದು ನಮ್ಮ ಅನೇಕ ಮನೆಗಳಲ್ಲಿದೆ. ಉತ್ತರಿಸಲು ಎರಡು ಸುಲಭದ ದಾರಿಗಳಿವೆ. ಎಲ್ಲವೂ ಸುಳ್ಳು, ಅವನೊಬ್ಬ ಸಂತನೆಂದು ಹೇಳಿಬಿಡುವುದು ಒಂದು. ನಮಗೂ ಅವನಿಗೂ ಸಂಬಂಧವಿಲ್ಲವೆಂದು ಮುಖ ತಿರುಗಿಸುವುದು ಇನ್ನೊಂದು. ಎರಡೂ ದಾರಿಗಳು ಕುರ್‌ಆನ್ ತೋರಿದ ದಾರಿಯಲ್ಲ. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ಒಪ್ಪಬಾರದೆಂದು ಅಲ್‌ಹುಜುರಾತ್ ಅಧ್ಯಾಯ ಆಜ್ಞಾಪಿಸುತ್ತದೆ. ನ್ಯಾಯಕ್ಕಾಗಿ ಸಾಕ್ಷಿ ನಿಲ್ಲುವಾಗ ಅದು ಸ್ವತಃ ತನಗೆ, ತನ್ನ ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ಹಿಂಜರಿಯಬಾರದೆಂದು ಅನ್ನಿಸಾ ಅಧ್ಯಾಯ ಆಜ್ಞಾಪಿಸುತ್ತದೆ. ಈ ಎರಡು ಆಜ್ಞೆಗಳನ್ನು ಒಟ್ಟಿಗೆ ಹಿಡಿದುಕೊಂಡವನಿಗೆ ಮಾತ್ರ ಇತಿಹಾಸವನ್ನು ಓದುವ ಅರ್ಹತೆ ಇದೆ.

ಆದುದರಿಂದ ನಾವು ಆ ಹುಡುಗನಿಗೆ ಹೀಗೆ ಹೇಳಿದೆವು. ಸ್ಥಳದ ಹೆಸರು ಸಾಕ್ಷ್ಯವಲ್ಲ. ಇಲ್ಲಿ ಕಥೆ ಹೇಳುವವರು ಇಂತಹ ವರ್ಷ, ಇಂತಹ ಕೈದಿ, ಇಂತಹ ದಾಖಲೆ ಎಂದು ಏನನ್ನೂ ತೋರಿಸುವುದಿಲ್ಲ. ತೋರಿಸುವ ತನಕ ಅದು ಕಥೆ ಮಾತ್ರ. ಆದರೆ ದಾಖಲಾಗಿರುವ ಸಂಗತಿಗಳೂ ಇವೆ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು. ಕೊಡಗಿನ ಜನರೂ ಅಂತಹ ಸೆರೆಯನ್ನು ಅನುಭವಿಸಿದರು. ಬಲವಂತದ ಮತಾಂತರಗಳೂ ನಡೆದವು. ಧರ್ಮದಲ್ಲಿ ಬಲವಂತವಿಲ್ಲವೆಂದು ಸಾರಿದ ಗ್ರಂಥವನ್ನು ನಂಬುವ ನಾವು ಇದನ್ನು ಅನ್ಯಾಯವೆಂದು ಹೇಳಲು ನಾಚಬೇಕಾಗಿಲ್ಲ. ಹೇಳದಿದ್ದರೆ ನಾಚಬೇಕು.

ಹಾಗೆಯೇ, ನಂದಿದುರ್ಗ ಬಿದ್ದ ಅದೇ 1791ರಲ್ಲಿ ಮರಾಠಾ ದಂಡೊಂದು ಶೃಂಗೇರಿ ಮಠವನ್ನು ಕೊಳ್ಳೆಹೊಡೆಯಿತು. ಆಗ ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಗೌರವದಿಂದ ಕನ್ನಡದಲ್ಲಿ ಪತ್ರ ಬರೆಸಿ, ದೇವಿಯ ಮರುಪ್ರತಿಷ್ಠೆಗೆ ಹಣ ಮತ್ತು ಸಾಮಗ್ರಿಗಳನ್ನು ಕಳುಹಿಸಿದನು. ಮಠದಲ್ಲಿದ್ದ ಈ ಪತ್ರಗಳು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರ ಮೂಲಕ ಬೆಳಕಿಗೆ ಬಂದವು. ಇದೂ ಸತ್ಯ, ಅದೂ ಸತ್ಯ. ಒಬ್ಬನೇ ಮನುಷ್ಯನಲ್ಲಿ ಇವೆರಡೂ ಇದ್ದವು. ಅವನ ಲೆಕ್ಕವನ್ನು ಅಲ್ಲಾಹನು ನೋಡಿಕೊಳ್ಳುತ್ತಾನೆ. ಆ ಜನಾಂಗ ಕಳೆದುಹೋಯಿತು, ಅದರ ಗಳಿಕೆ ಅದಕ್ಕೆ, ನಿಮ್ಮ ಗಳಿಕೆ ನಿಮಗೆ ಎಂಬ ಆಶಯವನ್ನು ಅಲ್‌ಬಕರ ಅಧ್ಯಾಯ ಎರಡು ಬಾರಿ ನೆನಪಿಸುತ್ತದೆ. ಟಿಪ್ಪುವಿನ ಒಳಿತು ನಿನ್ನ ಖಾತೆಗೆ ಸೇರುವುದಿಲ್ಲ, ಅವನ ತಪ್ಪಿಗೆ ನೀನು ಹೊಣೆಯೂ ಅಲ್ಲ. ನಿನ್ನನ್ನು ಕೇಳಲಾಗುವುದು ನೀನು ಸತ್ಯ ಹೇಳಿದೆಯೋ ಇಲ್ಲವೋ ಎಂದು ಮಾತ್ರ.

ಹುಡುಗ ಬಹಳ ಹೊತ್ತು ಸುಮ್ಮನಿದ್ದನು. ಇಷ್ಟು ಉದ್ದದ ಉತ್ತರವನ್ನು ಕೇಳುವಷ್ಟು ತಾಳ್ಮೆ ಅವರಿಗಿರುವುದಿಲ್ಲ ಎಂದನು. ಅದೂ ನಿಜವೇ. ಆದರೆ ಉದ್ದದ ಉತ್ತರವನ್ನು ತಿಳಿದವನು ಚಿಕ್ಕ ಮಾತಿಗೆ ಕೆರಳುವುದಿಲ್ಲ. ನಮ್ಮ ಮಕ್ಕಳಿಗೆ ನಾವು ಕೊಡಬಹುದಾದ ರಕ್ಷಣೆ ಬಹುಶಃ ಇದೇ.

ಇಳಿಯುವಾಗ

ಲುಹರ್ ನಮಾಝನ್ನು ಸ್ವಚ್ಛವಾದ ಚಪ್ಪಡಿಯೊಂದರ ಮೇಲೆ ಜಮಾಅತ್ತಾಗಿ ನಿರ್ವಹಿಸಿ ಇಳಿಯತೊಡಗಿದೆವು. ಇಳಿಯುವಾಗ ಮೊಣಕಾಲು ನಡುಗುತ್ತದೆ. ಕಣ್ಣು ಮಾತ್ರ ದೂರದವರೆಗೆ ಹರಿಯುತ್ತದೆ. ತಪ್ಪಲಿನ ಕೆರೆಗಳ ಸಾಲು ಬೆಳ್ಳಿಯ ಬಿಲ್ಲೆಗಳಂತೆ ಕಾಣುತ್ತಿತ್ತು. ಅಜೇಯವೆಂದು ಕಟ್ಟಿದ ಕೋಟೆ ಮೂರು ವಾರಗಳ ಮುತ್ತಿಗೆಗೆ ಬಿದ್ದುಹೋಯಿತು. ಅದೇ ಬೆಟ್ಟಸಾಲಿನಿಂದ ಸದ್ದಿಲ್ಲದೆ ಹೊರಡುವ ನೀರು ಮಾತ್ರ ಯಾರ ಧರ್ಮವನ್ನೂ ಕೇಳದೆ ಊರೂರಿನ ಹೊಲಗಳಿಗೆ ಇನ್ನೂ ಹರಿಯುತ್ತಿದೆ.

ಆದರೆ ಆ ನೀರಿನ ಗತಿಯೇನು? ನಮ್ಮ ಹೋಬಳಿಯ ಬಳಿ ಬರುವ ಹೊತ್ತಿಗೆ ವರ್ತೂರು ಕೆರೆಯ ದಾರಿಯಿಂದ ಬೆಂಗಳೂರಿನ ಕೊಳಚೆ ದಕ್ಷಿಣ ಪಿನಾಕಿನಿಯನ್ನು ಕೂಡುತ್ತದೆ. ಹೊಸೂರಿನ ಕೆಲವರಪಳ್ಳಿ ಜಲಾಶಯದಲ್ಲಿ ಅದು ನೊರೆಯಾಗಿ ಉಕ್ಕುತ್ತದೆ. ಹಿಂದಿನವರು ಏನು ಮಾಡಿದರೆಂದು ನಾವು ವಾದಿಸುತ್ತಿರುವಾಗ ನಮ್ಮ ಕಾಲದ ಅಮಾನತ್ತು ನಮ್ಮ ಕಣ್ಣೆದುರೇ ಕೆಡುತ್ತಿದೆ. ಇನ್ನೂರು ವರ್ಷಗಳ ಬಳಿಕ ಯಾರಾದರೂ ಈ ಬೆಟ್ಟವನ್ನು ಏರಿ ನಮ್ಮ ತಲೆಮಾರಿನ ಬಗ್ಗೆ ಸಾಕ್ಷಿ ಹೇಳುವಾಗ ಆ ನದಿಯನ್ನು ತೋರಿಸಿಯಾರು.

ಅಂತ್ಯದಿನದಂದು ಭೂಮಿ ತನ್ನ ಮೇಲೆ ನಡೆದ ಸಂಗತಿಗಳನ್ನು ತಾನೇ ಹೇಳಲಿದೆ ಎಂದು ಝಿಲ್‌ಝಾಲ್ ಅಧ್ಯಾಯ ತಿಳಿಸುತ್ತದೆ. ಅಂದು ನಂದಿಯ ಬಂಡೆಗಳೂ ಮಾತನಾಡಲಿವೆ: ಉರುಳಿಸಿದ ಕೈಗಳ ಬಗ್ಗೆ, ಹೊತ್ತ ಬೆನ್ನುಗಳ ಬಗ್ಗೆ, ಅವುಗಳ ನೆರಳಿನಲ್ಲಿ ಕುಳಿತು ನಾವು ಮಕ್ಕಳಿಗೆ ಹೇಳಿದ ಮಾತುಗಳ ಬಗ್ಗೆ. ಆ ಸಾಕ್ಷಿ ನಮ್ಮ ಪರವಾಗಿರುವಂತೆ ಬದುಕಲು, ಸತ್ಯವನ್ನು ನಮಗೆ ವಿರುದ್ಧವಾದಾಗಲೂ ಹೇಳಲು, ಬಂಡೆಗಿಂತ ಮೃದುವಾದ ಹೃದಯವನ್ನು ಉಳಿಸಿಕೊಳ್ಳಲು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.